ಒಂಬತ್ತು ಹೂಮಳೆ ಮತ್ತು ಆರ್ ಭಾಷೆಯ ಕ್ಲೋಶರ್

ಮೂಡಿಗೆರೆ ಕಡೆಯ ನಮ್ಮ ಚಿಕ್ಕಪ್ಪನ ಕಾಫಿ ತೋಟದಲ್ಲಿ ಮಳೆಯ ಲೆಕ್ಕವನ್ನು ಇಂದಿಗೂ ಇಂಚು ಮತ್ತು ಸೆಂಟ್ಸಿನಲ್ಲೇ ಬರೆಯುತ್ತಾರೆ. ನೂರು ಸೆಂಟ್ಸಿಗೆ ಒಂದು ಇಂಚು. ಬೆಳಿಗ್ಗೆ ತೋಟದ ಲೆಕ್ಕ ನೋಡುವ ರೈಟರು ಕಣದ ಮೂಲೆಯಲ್ಲಿರುವ ರೈನ್‌ಗೇಜಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, "ಒಂದು ಇಂಚು ಇಪ್ಪತ್ತು" ಎಂದು ಕೂಗುತ್ತಾರೆ. ಚಿಕ್ಕಪ್ಪ ಜಗಲಿಯಲ್ಲಿ ಕುಳಿತು ಅದನ್ನು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹಾಸನದ ಪದವಿ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನಾನು, ಹೋದ ರಜೆಯಲ್ಲಿ ಈ ಪುಸ್ತಕಗಳ ಹದಿನೆಂಟು ವರ್ಷದ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿ, ಸೆಂಟ್ಸನ್ನು 0.254ರಿಂದ ಗುಣಿಸಿ ಮಿಲಿಮೀಟರಿಗೆ ತಂದು, ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆಂದೇ ಇರುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದಿಷ್ಟು ಲೆಕ್ಕ ಹಾಕಲು ಕುಳಿತಿದ್ದೆ. ಚಿಕ್ಕಪ್ಪನಿಗೆ ಬೇಕಾಗಿದ್ದುದು ಒಂದೇ ವಿಷಯ: ಪ್ರತಿ ವರ್ಷ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಹೂಮಳೆ, ಅಂದರೆ ಕಾಫಿಯ ಮೊಗ್ಗು ಅರಳಿಸುವ ಮಳೆ, ಎನ್ನಬಹುದಾದದ್ದು ಎಷ್ಟು ದಿನ ಬಿತ್ತು ಎಂಬುದು. ಅವರ ಲೆಕ್ಕದಲ್ಲಿ ಒಂದು ಇಂಚಿಗಿಂತ ಕಡಿಮೆ ಬಿದ್ದದ್ದು ಹೂಮಳೆಯಲ್ಲ.

ನಾನು ಕೊಟ್ಟ ಪಟ್ಟಿಯಲ್ಲಿ ಒಂದು ವರ್ಷದ ಎದುರು ಒಂಬತ್ತು ಎಂದು ಇತ್ತು. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು. "ಒಂಬತ್ ಸಲ ಹೂಮಳೆ ಬಂದಿದ್ರೆ ಆ ವರ್ಷ ನಾನ್ಯಾಕೆ ಕೆರೆ ಬತ್ತೋವರೆಗೂ ಸ್ಪ್ರಿಂಕ್ಲರ್ ಓಡಿಸ್ತಿದ್ದೆ ಮಾರಾಯ?" ಎಂದರು. ಪುಸ್ತಕ ತೆಗೆದು ಎಣಿಸಿದಾಗ ಸಿಕ್ಕಿದ್ದು ಎರಡೇ ಎರಡು. ಪ್ರೋಗ್ರಾಮ್ ಎಲ್ಲಿಯೂ ನಿಂತಿರಲಿಲ್ಲ, ಕೆಂಪು ಅಕ್ಷರದ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಹದಿನೆಂಟು ವರ್ಷದ ಉತ್ತರವೂ ತಪ್ಪಾಗಿತ್ತು, ಆದರೆ ನೋಡುವುದಕ್ಕೆ ನಂಬುವಂತಿತ್ತು.

ಆದದ್ದು ಇಷ್ಟು. ದಿನದ ಮಳೆಯ ಸಾಲನ್ನು ತೆಗೆದುಕೊಂಡು, ಅದರಲ್ಲಿ "ಮಿತಿ"ಯನ್ನು ಮುಟ್ಟಿದ ಅಥವಾ ದಾಟಿದ ದಿನಗಳು ಎಷ್ಟು ಎಂದು ಹೇಳುವ "ಎಣಿಸು" ಎಂಬ ಪುಟ್ಟ ಫಂಕ್ಷನ್ ಬರೆದಿದ್ದೆ. ಫಂಕ್ಷನ್ ಎಂದರೆ ಹೆಸರಿಟ್ಟು, ಬೇಕಾದಾಗ ಕರೆದು ಕೆಲಸ ಮಾಡಿಸಿಕೊಳ್ಳುವ ಪ್ರೋಗ್ರಾಮಿನ ತುಣುಕು. ಮಿತಿಯನ್ನು ಅದಕ್ಕೆ ಆರ್ಗ್ಯುಮೆಂಟಾಗಿ, ಅಂದರೆ ಕರೆಯುವಾಗ ಕೈಗೆ ಕೊಡುವ ಬೆಲೆಯಾಗಿ, ಕೊಟ್ಟಿರಲಿಲ್ಲ, ಸೋಮಾರಿತನವೆಂದರೆ ಸೋಮಾರಿತನ. ಆಮೇಲೆ "ಹೂಮಳೆವರದಿ" ಎಂಬ ಇನ್ನೊಂದು ಫಂಕ್ಷನ್ ಬರೆದು, ಅದರೊಳಗೆ ಮಿತಿಯನ್ನು 25.4 ಎಂದು, ಅಂದರೆ ಒಂದು ಇಂಚಿನ ಮಿಲಿಮೀಟರಿಗೆ, ಇಟ್ಟು, ಮುಂದಿನ ಸಾಲಿನಲ್ಲಿ ಎಣಿಸು ಫಂಕ್ಷನ್ನನ್ನು ಕರೆದಿದ್ದೆ. ಕರೆಯುವವನ ಕೈಯಲ್ಲಿ 25.4 ಇರುವಾಗ, ಕರೆಸಿಕೊಂಡವನಿಗೆ ಅದು ಕಾಣದೆ ಇರುತ್ತದೆಯೇ ಎಂಬುದು ನನ್ನ ಎಣಿಕೆ. ಆದರೆ ಅದರ ಹಿಂದಿನ ದಿನ ನಾನು ಹವಾಮಾನ ಇಲಾಖೆಯ ವ್ಯಾಖ್ಯೆಯಂತೆ "ಮಳೆಯ ದಿನ"ಗಳನ್ನು, ಅಂದರೆ 2.5 ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದ ದಿನಗಳನ್ನು ಎಣಿಸಲು, ಯಾವ ಫಂಕ್ಷನ್ನಿನ ಒಳಗೂ ಅಲ್ಲದೆ ಹೊರಗಡೆಯೇ ಮಿತಿ ಎಂದರೆ 2.5 ಎಂದು ಬರೆದಿದ್ದೆ. ಸಂಜೆ ಆರ್ ಮುಚ್ಚುವಾಗ ವರ್ಕ್‌ಸ್ಪೇಸ್ (ಅಂದು ಹೆಸರಿಟ್ಟ ವಸ್ತುಗಳನ್ನೆಲ್ಲ) ಉಳಿಸಬೇಕೇ ಎಂದು ಕೇಳಿದ ಪ್ರಶ್ನೆಗೆ ಅಭ್ಯಾಸಬಲದಿಂದ ಹೌದು ಎಂದೂ ಒತ್ತಿದ್ದೆ. ಮರುದಿನ ಬೆಳಿಗ್ಗೆ ಆ 2.5 ಸದ್ದಿಲ್ಲದೆ ಎದ್ದು ಬಂದು ಹಳೆಯ ಜಾಗದಲ್ಲೇ ಕುಳಿತಿತ್ತು. ಎಣಿಸು ಫಂಕ್ಷನ್ 25.4ನ್ನು ನೋಡಲೇ ಇಲ್ಲ, 2.5ನ್ನು ತೆಗೆದುಕೊಂಡಿತು, ಬೇಸಿಗೆಯ ಸಣ್ಣಪುಟ್ಟ ತುಂತುರೆಲ್ಲ ಹೂಮಳೆಯಾಯಿತು.

ಇದು ಆರ್ ಭಾಷೆಯ ದೋಷವಲ್ಲ, ಅದರ ನಿಯಮ. ಫಂಕ್ಷನ್ನಿನ ಒಳಗೆ ಬಳಕೆಯಾಗಿ ಒಳಗೆ ಎಲ್ಲೂ ಹುಟ್ಟದ ಹೆಸರೊಂದು ಸಿಕ್ಕಿದಾಗ, ಆರ್ ಆ ಹೆಸರನ್ನು ಹುಡುಕುವುದು ಫಂಕ್ಷನ್ನನ್ನು ಯಾರು ಕರೆದರು ಎಂಬುದನ್ನು ನೋಡಿ ಅಲ್ಲ, ಫಂಕ್ಷನ್ ಎಲ್ಲಿ ಬರೆಯಲ್ಪಟ್ಟಿತು ಎಂಬುದನ್ನು ನೋಡಿ. ಇದಕ್ಕೆ ಲೆಕ್ಸಿಕಲ್ ಸ್ಕೋಪ್ ಎನ್ನುತ್ತಾರೆ, ಸ್ಕೋಪ್ ಎಂದರೆ ಹೆಸರಿನ ವ್ಯಾಪ್ತಿ. ನನ್ನ ಎಣಿಸು ಫಂಕ್ಷನ್ ಹುಟ್ಟಿದ್ದು ಹೊರಗಡೆ, ಗ್ಲೋಬಲ್ ಪರಿಸರದಲ್ಲಿ. ಪರಿಸರವೆಂದರೆ ಹೆಸರುಗಳೂ ಅವುಗಳ ಬೆಲೆಗಳೂ ಇರುವ ಜಾಗ, ಯಾವ ಫಂಕ್ಷನ್ನಿಗೂ ಸೇರದ ಹೊರಗಿನ ಜಾಗವೇ ಗ್ಲೋಬಲ್. ಆದ್ದರಿಂದ ಹೂಮಳೆವರದಿಯ ಹೊಟ್ಟೆಯೊಳಗೆ ಕುಳಿತು ಕೆಲಸ ಮಾಡುವಾಗಲೂ ಅದು ಹುಡುಕಿದ್ದು ಗ್ಲೋಬಲ್ ಪರಿಸರವನ್ನೇ. ಕರೆದವನ ಹೆಸರುಗಳನ್ನು ಹುಡುಕುವ ಇನ್ನೊಂದು ಪದ್ಧತಿಯೂ ಉಂಟು, ಅದು ಡೈನಾಮಿಕ್ ಸ್ಕೋಪ್. ಹಳೆಯ ಲಿಸ್ಪ್ ಭಾಷೆಗಳು ಹಾಗೆಯೇ ನಡೆಯುತ್ತಿದ್ದವು. ನಾನು ಬರೆದಿದ್ದ ಪ್ರೋಗ್ರಾಮ್ ಅಂಥ ಭಾಷೆಯಲ್ಲಿ ಸರಿಯಾದ ಉತ್ತರವನ್ನೇ ಕೊಡುತ್ತಿತ್ತು, ಹಾಗೆಂದು ನಾನು ಆ ಪದ್ಧತಿಯ ಪರ ವಹಿಸಲಾರೆ. ಕರೆಯುವವನು ತನ್ನೊಳಗೆ ಯಾವ ಹೆಸರು ಇಟ್ಟುಕೊಂಡಿದ್ದಾನೆ ಎಂಬುದರ ಮೇಲೆ ನನ್ನ ಫಂಕ್ಷನ್ನಿನ ಉತ್ತರ ಬದಲಾಗುವುದಾದರೆ, ಆ ಫಂಕ್ಷನ್ನನ್ನು ಮಾತ್ರ ಓದಿ ಅದು ಏನು ಮಾಡುತ್ತದೆ ಎಂದು ಹೇಳುವುದು ಯಾರಿಗೂ ಸಾಧ್ಯವಾಗುವುದಿಲ್ಲ.

ತರಗತಿಯಲ್ಲಿ ಇದನ್ನು ಹೇಳುವಾಗ ನಾನು ತವರುಮನೆಯ ಮಾತು ತರುತ್ತೇನೆ. ಫಂಕ್ಷನ್ನಿಗೆ ತನ್ನ ಕೈಯಲ್ಲಿಲ್ಲದ ಸಾಮಾನು ಬೇಕಾದಾಗ, ಅದು ಕೆಲಸಕ್ಕೆ ಕರೆದ ಮನೆಯ ಅಟ್ಟ ಹತ್ತುವುದಿಲ್ಲ. ತವರಿನ ಅಟ್ಟ ಹತ್ತುತ್ತದೆ. ಅಲ್ಲಿಯೂ ಸಿಗದಿದ್ದರೆ ತವರಿನ ತವರಿಗೆ ಹೋಗುತ್ತದೆ. ಹೀಗೆ ಮೇಲೆ ಮೇಲೆ ಹೋಗಿ ಗ್ಲೋಬಲ್ ಪರಿಸರಕ್ಕೆ ತಲುಪಿ, ಅಲ್ಲಿಂದ ಆ ಹೊತ್ತಿಗೆ ಜೋಡಿಸಿಕೊಂಡಿರುವ ಪ್ಯಾಕೇಜುಗಳನ್ನು, ಅಂದರೆ ಸಿದ್ಧ ಫಂಕ್ಷನ್ನುಗಳ ಕಟ್ಟುಗಳನ್ನು, ಒಂದೊಂದಾಗಿ ಕೇಳಿ, ಕೊನೆಗೆ ಬೇಸ್ ಪ್ಯಾಕೇಜನ್ನೂ ಕೇಳಿ, ಎಲ್ಲಿಯೂ ಇಲ್ಲವೆಂದಾದ ಮೇಲೆಯೇ ವಸ್ತು ಸಿಗಲಿಲ್ಲ ಎಂಬ ದೂರು ಹೇಳುತ್ತದೆ. ಈ ಹೋಲಿಕೆಯನ್ನು ಕೇಳಿದ ವಿದ್ಯಾರ್ಥಿನಿಯೊಬ್ಬಳು, "ಸರ್, ಮದುವೆಯಾದ ಮೇಲೆ ತವರಲ್ಲಿ ಆ ಸಾಮಾನನ್ನೇ ಬದಲಾಯಿಸಿಬಿಟ್ಟರೆ?" ಎಂದು ಕೇಳಿದಳು. ಬಹಳ ಸರಿಯಾದ ಪ್ರಶ್ನೆ ಅದು. ಫಂಕ್ಷನ್ ಹುಟ್ಟುವಾಗ ಕಟ್ಟಿಕೊಂಡು ಹೋಗುವುದು ತವರಿನ ವಿಳಾಸವನ್ನು, ಅಲ್ಲಿನ ಸಾಮಾನನ್ನಲ್ಲ. ಎಲ್ಲಿ ಹುಡುಕಬೇಕೆಂಬುದು ಬರೆದಾಗಲೇ ತೀರ್ಮಾನವಾಗಿರುತ್ತದೆ, ಅಲ್ಲಿ ಏನು ಸಿಗುತ್ತದೆ ಎಂಬುದು ಮಾತ್ರ ಕರೆದ ಗಳಿಗೆಯಲ್ಲಿ ಗೊತ್ತಾಗುತ್ತದೆ. ಬೆಳಿಗ್ಗೆ 2.5 ಇದ್ದ ಜಾಗದಲ್ಲಿ ಮಧ್ಯಾಹ್ನ 64.5 ಇಟ್ಟರೆ, ಅದೇ ಎಣಿಸು ಫಂಕ್ಷನ್ ಒಂದಕ್ಷರವೂ ಬದಲಾಗದೆ ಬೇರೆ ಉತ್ತರ ಕೊಡುತ್ತದೆ.

ಇಲ್ಲಿ ಮನೆ ಎಂದರೆ ಫಂಕ್ಷನ್ ಮಾತ್ರ. ಸಿ ಅಥವಾ ಜಾವಾ ಕಲಿತು ಬಂದವರು ಪುಷ್ಪಾವರಣದ ಒಳಗೆಲ್ಲ ಹೊಸ ವ್ಯಾಪ್ತಿ ಇದೆ ಎಂದುಕೊಳ್ಳುತ್ತಾರೆ. ಆರ್‌ನಲ್ಲಿ ಒಂದೇ ಕೆಲಸವನ್ನು ಸುತ್ತಿಸುವ ಫಾರ್ ಲೂಪಿಗಾಗಲಿ ಷರತ್ತು ನೋಡುವ ಇಫ್ ಭಾಗಕ್ಕಾಗಲಿ ಸ್ವಂತ ಪರಿಸರವಿಲ್ಲ, ಅವುಗಳೊಳಗೆ ಹುಟ್ಟಿದ ಹೆಸರು ಹೊರಗೂ ಉಳಿದಿರುತ್ತದೆ.

ಈ ನಿಯಮ ಬಂದ ದಾರಿಯನ್ನು ಸ್ವಲ್ಪ ಹೇಳಬೇಕು. ಆರ್‌ಗಿಂತ ಮೊದಲು ಎಸ್ ಭಾಷೆ ಇತ್ತು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು 1976ರಲ್ಲಿ ಅದನ್ನು ಕಟ್ಟತೊಡಗಿದರು. 1990ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಆರ್ ಭಾಷೆಯನ್ನು ರೂಪಿಸುವಾಗ, ಹೊರಗಿನ ಮೈಕಟ್ಟನ್ನು ಎಸ್‌ನಿಂದ ತೆಗೆದುಕೊಂಡರೂ ವ್ಯಾಪ್ತಿಯ ನಿಯಮವನ್ನು ಸ್ಕೀಮ್ ಭಾಷೆಯಿಂದ ತಂದರು. ಸ್ಕೀಮ್ ಎಂಬುದು 1975ರಲ್ಲಿ ಎಂಐಟಿಯಲ್ಲಿ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್ ಮಾಡಿದ ಲಿಸ್ಪ್ ಕುಲದ ಭಾಷೆ. ಆರ್‌ನ 1.0.0 ಆವೃತ್ತಿ 2000ನೇ ಇಸವಿಯ ಫೆಬ್ರವರಿ 29ರಂದು ಬಂತು. ನನ್ನ ಹೂಮಳೆಯ ಪ್ರಮಾದದ ಮಟ್ಟಿಗೆ ಎಸ್ ಕೂಡ 2.5ನ್ನೇ ಹಿಡಿಯುತ್ತಿತ್ತು, ಏಕೆಂದರೆ ಅದು ಫಂಕ್ಷನ್ನಿನ ಒಳಗೆ ಹುಡುಕಿ, ಸಿಗದಿದ್ದರೆ ನೇರವಾಗಿ ಗ್ಲೋಬಲ್‌ಗೆ ಹೋಗುತ್ತಿತ್ತು. ಎರಡು ಭಾಷೆಗಳ ದಾರಿ ಬೇರೆಯಾಗುವುದು ಫಂಕ್ಷನ್ನಿನೊಳಗೆ ಇನ್ನೊಂದು ಫಂಕ್ಷನ್ ಹುಟ್ಟಿದಾಗ. ಎಸ್ ನಡುವಿನ ಮನೆಯನ್ನು ಹಾರಿಸಿ ಮುಂದೆ ಹೋಗುತ್ತಿತ್ತು. ಆರ್ ಆ ನಡುಮನೆಗೆ ತಪ್ಪದೆ ಹೋಗುತ್ತದೆ. ಕ್ಲೋಶರ್ ಎಂಬುದರ ಸ್ವಾರಸ್ಯವೆಲ್ಲ ಇರುವುದು ಆ ನಡುಮನೆಯಲ್ಲಿ.

ಎಣಿಸು ಫಂಕ್ಷನ್ನನ್ನು ನಾನು ಸರಿಪಡಿಸಿದ ಬಗೆಯಿಂದಲೇ ಅದನ್ನು ಹೇಳುತ್ತೇನೆ. ಮಿತಿಯನ್ನು ಎರಡನೆಯ ಆರ್ಗ್ಯುಮೆಂಟಾಗಿ ಕೊಟ್ಟರೆ ಸಾಕಿತ್ತು, ಒಪ್ಪುತ್ತೇನೆ. ಆದರೆ ಒಂದೇ ಮಿತಿಯ ಎಣಿಕೆಯನ್ನು ಹದಿನೆಂಟು ವರ್ಷಕ್ಕೂ ಮೂರು ಬ್ಲಾಕುಗಳಿಗೂ ಮತ್ತೆ ಮತ್ತೆ ನಡೆಸಬೇಕಾಗಿತ್ತು, ಪ್ರತಿ ಸಲವೂ 25.4 ಎಂದು ಬರೆಯುತ್ತ ಹೋದರೆ ಎಲ್ಲೋ ಒಂದು ಕಡೆ ಕೈ ತಪ್ಪುವುದು ಖಂಡಿತ. ಆದ್ದರಿಂದ "ಎಣಿಕೆಗಾರನನ್ನು ಮಾಡು" ಎಂಬ ಫಂಕ್ಷನ್ ಬರೆದೆ. ಅದು ಮಿತಿಯನ್ನು ತೆಗೆದುಕೊಂಡು ಉತ್ತರವಾಗಿ ಒಂದು ಸಂಖ್ಯೆಯನ್ನು ಕೊಡುವುದಿಲ್ಲ, ಒಂದು ಫಂಕ್ಷನ್ನನ್ನೇ ಕೊಡುತ್ತದೆ. ಅದಕ್ಕೆ 25.4 ಕೊಟ್ಟರೆ ಹೂಮಳೆಯನ್ನು ಎಣಿಸುವವನು ಸಿಗುತ್ತಾನೆ, 2.5 ಕೊಟ್ಟರೆ ಮಳೆಯ ದಿನವನ್ನು ಎಣಿಸುವವನು. ಇಬ್ಬರ ಒಡಲಿನ ಸಾಲುಗಳೂ ಅಕ್ಷರಕ್ಕೆ ಅಕ್ಷರ ಒಂದೇ. ಬೇರೆಯಾಗಿರುವುದು ಅವರು ಹುಟ್ಟಿದ ಮನೆ, ಏಕೆಂದರೆ ಎಣಿಕೆಗಾರನನ್ನು ಮಾಡು ಎಂದು ಕರೆದಾಗಲೆಲ್ಲ ಹೊಸದೊಂದು ಪರಿಸರ ಎದ್ದು ನಿಲ್ಲುತ್ತದೆ. ಸಾಮಾನ್ಯವಾಗಿ ಫಂಕ್ಷನ್ ಮುಗಿದೊಡನೆ ಅದರ ಪರಿಸರಕ್ಕೆ ಕೆಲಸವಿಲ್ಲದೆ ಅದು ಅಳಿದುಹೋಗುತ್ತದೆ. ಇಲ್ಲಿ ಅದರೊಳಗೆ ಹುಟ್ಟಿದ ಕೂಸು ಹೊರಗೆ ಬದುಕಿರುವುದರಿಂದ ಆ ಮನೆಯೂ ಉಳಿಯುತ್ತದೆ, ಮನೆಯೊಳಗಿನ ಮಿತಿಯೂ ಉಳಿಯುತ್ತದೆ. ಫಂಕ್ಷನ್ ಮತ್ತು ಅದು ಹಿಡಿದುಕೊಂಡಿರುವ ಪರಿಸರ, ಎರಡೂ ಸೇರಿದ್ದೇ ಕ್ಲೋಶರ್. ಈಗ ಗ್ಲೋಬಲ್‌ನಲ್ಲಿ ಯಾರು ಎಂಥ ಮಿತಿಯನ್ನು ಬಿಟ್ಟುಹೋಗಿದ್ದರೂ ಹೂಮಳೆಯ ಎಣಿಕೆಗಾರನಿಗೆ ಲೆಕ್ಕವಿಲ್ಲ, ಅಷ್ಟು ದೂರ ಅವನು ಹೋಗುವುದೇ ಇಲ್ಲ.

ಆರ್‌ನಲ್ಲಿ ನಾವು ಬರೆಯುವ ಪ್ರತಿಯೊಂದು ಫಂಕ್ಷನ್ನೂ ಕ್ಲೋಶರೇ. ಅದರ ಬಗೆ ಯಾವುದೆಂದು ಟೈಪ್‌ಆಫ್ ಮೂಲಕ ಕೇಳಿದರೆ ಆ ಮಾತೇ ಉತ್ತರವಾಗಿ ಬರುತ್ತದೆ. ಸಮ್‌ನಂಥ ಕೆಲವು ಒಳಗಟ್ಟಿನ ಫಂಕ್ಷನ್‌ಗಳು ಮಾತ್ರ ಇದಕ್ಕೆ ಹೊರತು. ನಮ್ಮ ಲ್ಯಾಬಿನಲ್ಲಿ ಪ್ರತಿ ಸೆಮಿಸ್ಟರಿನ ಮೊದಲ ವಾರ ಯಾರಾದರೊಬ್ಬರ ಪರದೆಯ ಮೇಲೆ ಕಾಣಿಸಿಕೊಳ್ಳುವ ಒಂದು ದೂರಿನ ಗುಟ್ಟೂ ಇದೇ. ಟೇಬಲ್ಲಿಗೆ ಡಿಎಫ್ ಎಂದು ಹೆಸರಿಟ್ಟು, ಕಡತವನ್ನು ಓದಿಸುವ ಸಾಲನ್ನು ಓಡಿಸಲು ಮರೆತು, ನೇರವಾಗಿ ಅದರ ಒಂದು ಕಾಲಮ್ಮನ್ನು ಕೇಳುತ್ತಾರೆ. ಡಿಎಫ್ ಇಲ್ಲ ಎಂದು ಆರ್ ಹೇಳಿದ್ದರೆ ತಕ್ಷಣ ತಿಳಿಯುತ್ತಿತ್ತು. ಆದರೆ ಗ್ಲೋಬಲ್‌ನಲ್ಲಿ ಸಿಗದ ಹೆಸರನ್ನು ಹುಡುಕುತ್ತ ಅದು ಪ್ಯಾಕೇಜುಗಳ ಸಾಲಿಗೆ ಹೋಗುತ್ತದೆ, ಸ್ಟ್ಯಾಟ್ಸ್ ಪ್ಯಾಕೇಜಿನಲ್ಲಿ ಎಫ್ ವಿತರಣೆಯ ಸಾಂದ್ರತೆಯನ್ನು ಲೆಕ್ಕ ಹಾಕುವ ಡಿಎಫ್ ಎಂಬ ಫಂಕ್ಷನ್ ಸಿಗುತ್ತದೆ, ಅದರಲ್ಲಿ ಕಾಲಮ್ ತೆಗೆಯಲು ಹೋಗಿ, ಕ್ಲೋಶರ್ ಬಗೆಯ ವಸ್ತುವಿನಿಂದ ಭಾಗ ಬಿಡಿಸಿಕೊಡಲು ಆಗದು ಎಂದು ಗೊಣಗುತ್ತದೆ. ಕ್ಲೋಶರ್ ಎಂಬ ಪದವನ್ನು ಅಂದೇ ಮೊದಲ ಸಲ ಕಂಡ ಹುಡುಗರಿಗೆ ಇದು ಅರ್ಥವಾಗದ ಮಂತ್ರದಂತೆ ಕಾಣುತ್ತದೆ. ಹುಡುಕಾಟದ ದಾರಿ ಗೊತ್ತಿದ್ದವರಿಗೆ ಎಡವಿದ್ದು ಎಲ್ಲೆಂದು ಆ ಒಂದು ಪದದಿಂದಲೇ ತಿಳಿಯುತ್ತದೆ.

ಎಣಿಕೆಗಾರರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹವಾಮಾನ ಇಲಾಖೆ ಒಂದು ದಿನದಲ್ಲಿ 64.5 ಮಿಲಿಮೀಟರು ತಲುಪಿದ ಮಳೆಯನ್ನು ಭಾರೀ ಮಳೆ ಎಂದು ಕರೆಯುತ್ತದೆ. ಅದನ್ನೂ ಸೇರಿಸಿ 2.5, 25.4, 64.5 ಎಂಬ ಮೂರು ಮಿತಿಗಳನ್ನು ಫಾರ್ ಲೂಪಿನಲ್ಲಿ ಸುತ್ತಿಸಿ ಮೂರು ಎಣಿಕೆಗಾರರನ್ನು ಮಾಡಿ ಪಟ್ಟಿಯಲ್ಲಿಟ್ಟೆ. ಆಮೇಲೆ ಒಬ್ಬೊಬ್ಬರನ್ನೇ ಕರೆದರೆ ಮೂವರೂ ಒಂದೇ ಉತ್ತರ ಹೇಳಿದರು, ಭಾರೀ ಮಳೆಯದ್ದು. ಅನುಮಾನ ಬಂದು, ಲೂಪಿನ ಒಳಗೇ ಪ್ರತಿಯೊಬ್ಬನನ್ನೂ ಹುಟ್ಟಿದೊಡನೆ ಒಮ್ಮೆ ಕರೆದು ಪರೀಕ್ಷಿಸುವ ಸಾಲು ಹಾಕಿದರೆ ಎಲ್ಲವೂ ಸರಿಯಾಯಿತು. ಆ ಸಾಲು ತೆಗೆದರೆ ಮತ್ತೆ ತಪ್ಪು. ಪರೀಕ್ಷೆ ಮಾಡಿದರೆ ಮಾತ್ರ ಮಾಯವಾಗುವ ತಪ್ಪನ್ನು ಅದುವರೆಗೆ ನಾನು ಕಂಡಿರಲಿಲ್ಲ. ಆ ರಾತ್ರಿ ತೋಟದ ಮನೆಯಲ್ಲಿ ಕರೆಂಟು ಹೋಗಿ, ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುವವರೆಗೂ ಇದರೊಂದಿಗೇ ಗುದ್ದಾಡಿದೆ.

ಕಾರಣ ವ್ಯಾಪ್ತಿಯದ್ದಲ್ಲ, ಅದರ ಜೊತೆಗೆ ಸೇರಿಕೊಂಡ ಆರ್‌ನ ಇನ್ನೊಂದು ಗುಣದ್ದು. ಆರ್ ತನ್ನ ಆರ್ಗ್ಯುಮೆಂಟುಗಳನ್ನು ಕೈಗೆ ಬಂದೊಡನೆ ಲೆಕ್ಕ ಹಾಕುವುದಿಲ್ಲ. ಬೇಕಾದಾಗ ನೋಡಿಕೊಳ್ಳುತ್ತೇನೆ ಎಂದು ಒಂದು ಚೀಟಿ ಬರೆದಿಡುತ್ತದೆ. ಆ ಚೀಟಿಗೆ ಪ್ರಾಮಿಸ್ ಎಂದು ಹೆಸರು, ಈ ಪದ್ಧತಿಗೆ ಲೇಜಿ ಇವ್ಯಾಲ್ಯುಯೇಶನ್ ಎಂದು. ನನ್ನ ಪ್ರತಿಯೊಬ್ಬ ಎಣಿಕೆಗಾರನ ಮನೆಯಲ್ಲಿಯೂ ಇದ್ದದ್ದು ಸಂಖ್ಯೆಯಲ್ಲ, "ಲೂಪಿನ ಈಗಿನ ಮಿತಿ ಎಷ್ಟೆಂದು ಹೋಗಿ ನೋಡು" ಎಂಬ ಚೀಟಿ. ಯಾರೂ ಕರೆಯದೆ ಲೂಪು ಪೂರ್ತಿಯಾದ ಮೇಲೆ ಮೂವರೂ ಚೀಟಿ ಬಿಚ್ಚಿ ಹೋಗಿ ನೋಡಿದರೆ, ಅಲ್ಲಿ ಉಳಿದಿದ್ದುದು ಕೊನೆಯ 64.5 ಒಂದೇ. ಹುಟ್ಟಿದೊಡನೆ ಒಮ್ಮೆ ಕರೆದಾಗ ಚೀಟಿ ಆಗಲೇ ಬಿಚ್ಚಿ ಸಂಖ್ಯೆ ಕಾಯಂ ಆಗುತ್ತಿತ್ತು. ಮದ್ದು ಒಂದೇ ಸಾಲಿನದು: ಎಣಿಕೆಗಾರನನ್ನು ಮಾಡುವ ಫಂಕ್ಷನ್ನಿನ ಮೊದಲಿಗೇ ಫೋರ್ಸ್ ಎಂಬ ಫಂಕ್ಷನ್ನಿಗೆ ಮಿತಿಯನ್ನು ಕೊಟ್ಟು ಚೀಟಿಯನ್ನು ಅಲ್ಲಿಯೇ ಬಿಚ್ಚಿಸುವುದು. ಫಾರ್ ಲೂಪಿನ ಬದಲು, ಪಟ್ಟಿಯ ಒಂದೊಂದಕ್ಕೂ ಫಂಕ್ಷನ್ ನಡೆಸುವ ಎಲ್‌ಅಪ್ಲೈ ಬಳಸಿದವರಿಗೆ 2015ರ 3.2.0 ಆವೃತ್ತಿಯಿಂದ ಈಚೆಗೆ ಈ ಕಾಟವಿಲ್ಲ, ಆ ಕುಲದ ಫಂಕ್ಷನ್‌ಗಳು ತಾವೇ ಚೀಟಿ ಬಿಚ್ಚಿ ಕೊಡುತ್ತವೆ. ಆದರೂ ಕ್ಲೋಶರ್ ಮಾಡುವ ಕಡೆಯೆಲ್ಲ ಆ ಒಂದು ಸಾಲನ್ನು ಬರೆಯುವುದನ್ನು ನಾನು ಬಿಟ್ಟಿಲ್ಲ.

ಹಿಡಿದುಕೊಂಡ ಪರಿಸರವನ್ನು ಓದುವುದಲ್ಲದೆ ತಿದ್ದುವುದೂ ಸಾಧ್ಯ. ರೈಟರಿಗಾಗಿ ಒಂದು "ಜಮಾ ಪುಸ್ತಕ" ಮಾಡಿಕೊಟ್ಟೆ: ಹೊರಗಿನ ಫಂಕ್ಷನ್ನಿನಲ್ಲಿ "ಒಟ್ಟು" ಎಂಬುದು ಸೊನ್ನೆಯಿಂದ ಶುರುವಾಗುತ್ತದೆ, ಒಳಗಿನದು ಪ್ರತಿ ದಿನದ ಮಳೆಯನ್ನು ಅದಕ್ಕೆ ಕೂಡಿಸಿ ಈವರೆಗಿನ ಮೊತ್ತವನ್ನು ಹೇಳುತ್ತದೆ. ಒಂದು ಇಂಚು ಇಪ್ಪತ್ತು ಎಂದು ಕೊಟ್ಟರೆ 1.20, ಮರುದಿನ ನಲವತ್ತೈದು ಸೆಂಟ್ಸ್ ಕೊಟ್ಟರೆ 1.65. ಕೂಡಿಸುವ ಸಾಲಿನಲ್ಲಿ ಹೆಸರಿಗೆ ಬೆಲೆ ಕೊಡುವ ಮಾಮೂಲಿ ಒಂಟಿ ಬಾಣ ಹಾಕಿದರೆ ಇದು ನಡೆಯುವುದಿಲ್ಲ. ಒಂಟಿ ಬಾಣ ಒಳಗಿನ ಮನೆಯಲ್ಲೇ ಹೊಸ ಒಟ್ಟನ್ನು ಹುಟ್ಟಿಸುತ್ತದೆ, ಅದು ಅಂದಿನ ಕರೆಯೊಂದಿಗೇ ಅಳಿಯುತ್ತದೆ, ಮರುದಿನ ಬರುವ ಉತ್ತರ ಬರೀ 0.45. ಜೋಡಿ ಬಾಣ, ಅಂದರೆ <<- ಎಂಬ ಗುರುತು, ಒಳಮನೆಯನ್ನು ಬಿಟ್ಟು ತವರಿನಿಂದ ಹುಡುಕತೊಡಗಿ, ಅಲ್ಲಿ ಸಿಕ್ಕಿದ ಒಟ್ಟನ್ನು ತಿದ್ದುತ್ತದೆ. ಇದು ಉಪಯೋಗದ ಸಾಧನವಾದರೂ ಹುಷಾರಾಗಿರಬೇಕು. ದಾರಿಯಲ್ಲಿ ಎಲ್ಲಿಯೂ ಆ ಹೆಸರು ಸಿಗದಿದ್ದರೆ ಅದು ದೂರು ಹೇಳದೆ ಗ್ಲೋಬಲ್‌ನಲ್ಲಿ ಹೊಸದೊಂದನ್ನು ಹುಟ್ಟಿಸಿಬಿಡುತ್ತದೆ, ಹೆಸರಿನ ಒಂದಕ್ಷರ ತಪ್ಪಾದರೂ ಸಾಕು. ತೋಟಕ್ಕೊಂದು, ಹಾಸನದ ನಮ್ಮ ಮನೆಯ ಟೆರೇಸಿಗೊಂದು ಜಮಾ ಪುಸ್ತಕ ತೆರೆದರೆ ಒಂದರ ಮಳೆ ಇನ್ನೊಂದಕ್ಕೆ ಸೇರುವುದಿಲ್ಲ.

ಸಂಖ್ಯಾಶಾಸ್ತ್ರದವರಿಗೆ ಇದರಿಂದ ಆಗುವ ದೊಡ್ಡ ಲಾಭ ಎಣಿಕೆಯಲ್ಲಿಲ್ಲ, ನಿಯತಾಂಕದ ಯಾವ ಬೆಲೆ ಅಂಕಿಗಳಿಗೆ ಎಷ್ಟು ಹೊಂದುತ್ತದೆಂದು ಅಳೆಯುವ ಲೈಕ್ಲಿಹುಡ್‌ನಲ್ಲಿದೆ. ತಿಂಗಳ ಮಳೆಗೆ ಗ್ಯಾಮಾ ವಿತರಣೆಯನ್ನು ಹೊಂದಿಸಬೇಕೆಂದರೆ, ಅತ್ಯುತ್ತಮ ಬೆಲೆಗಳನ್ನು ಹುಡುಕುವ ಆಪ್ಟಿಮ್‌ಗೆ ಕೊಡಬೇಕಾದ್ದು ವಿತರಣೆಯ ಎರಡು ನಿಯತಾಂಕಗಳನ್ನಷ್ಟೇ ತೆಗೆದುಕೊಳ್ಳುವ ಫಂಕ್ಷನ್. ಆದರೆ ಲೆಕ್ಕಕ್ಕೆ ಮಳೆಯ ಅಂಕಿಗಳೂ ಬೇಕು. ಅಂಕಿಗಳನ್ನು ತೆಗೆದುಕೊಂಡು ಲೈಕ್ಲಿಹುಡ್ ಫಂಕ್ಷನ್ನನ್ನು ಹೆತ್ತು ಕೊಡುವ ಫಂಕ್ಷನ್ ಬರೆದರೆ, ಕೂಸು ಅಂಕಿಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಆಪ್ಟಿಮ್‌ನ ಮನೆಗೆ ಹೋಗುತ್ತದೆ. ಅದರ ಮೂರು ಚುಕ್ಕೆಯ (...) ಆರ್ಗ್ಯುಮೆಂಟಿನ ಮೂಲಕ ಅಂಕಿಗಳನ್ನು ದಾಟಿಸುವ ದಾರಿಯೂ ಇದೆ. ನನಗೆ ಕ್ಲೋಶರ್ ಹೆಚ್ಚು ಹಿಡಿಸುತ್ತದೆ, ಏಕೆಂದರೆ ದತ್ತಾಂಶ ಕೈಗೆ ಬಂದ ಮೇಲೆ ಲೈಕ್ಲಿಹುಡ್ ಎಂಬುದು ನಿಯತಾಂಕಗಳ ಫಂಕ್ಷನ್ ಎಂದು ನಾವು ಹಲಗೆಯ ಮೇಲೆ ಬರೆಯುವ ಮಾತನ್ನೇ ಅದು ಹಾಗೆ ಹಾಗೆಯೇ ಆಡಿ ತೋರಿಸುತ್ತದೆ. ಆರ್ ಭಾಷೆಯ ಇಸಿಡಿಎಫ್ ಎಂಬ ಫಂಕ್ಷನ್ ಕೂಡ ಇದೇ ಜಾತಿಯದು: ಮಳೆಯ ಸಾಲನ್ನು ಕೊಟ್ಟರೆ, 25.4 ಮೀರದ ದಿನಗಳ ಪಾಲೆಷ್ಟು ಎಂದು ಮುಂದೆ ಯಾವಾಗ ಕೇಳಿದರೂ ಹೇಳಬಲ್ಲ ಫಂಕ್ಷನ್ನನ್ನು ಕೈಗಿಡುತ್ತದೆ. ಬೆನ್ನಿಗೆ ಕಟ್ಟಿಕೊಂಡದ್ದರ ಭಾರವೂ ಇರುತ್ತದೆಯೆಂಬುದು ಬೇರೆ ಮಾತು. ಅಂಥ ಫಂಕ್ಷನ್ನನ್ನು ಕಡತವಾಗಿ ಉಳಿಸಿದರೆ ಅದರ ಮನೆಯ ಸಾಮಾನೆಲ್ಲ ಜೊತೆಗೆ ಉಳಿಯುತ್ತದೆ.

ವರ್ಕ್‌ಸ್ಪೇಸ್ ಉಳಿಸುವ ಪ್ರಶ್ನೆಗೆ ಈಗ ಬೇಡ ಎಂದೇ ಒತ್ತುತ್ತೇನೆ. ಹಳೆಯ ಎಣಿಸು ಫಂಕ್ಷನ್ನನ್ನು ಬರಿದಾದ ಆರ್‌ನಲ್ಲಿ ಒಮ್ಮೆ ಓಡಿಸಿ ನೋಡಿದೆ. ಮಿತಿ ಎಂಬ ವಸ್ತು ಸಿಗಲಿಲ್ಲ ಎಂದು ಮೊದಲ ಸಾಲಿಗೇ ನಿಂತಿತು, ಅಂದೇ ಹಾಗೆ ನಿಂತಿದ್ದರೆ ಚಿಕ್ಕಪ್ಪನ ಕನ್ನಡಕದವರೆಗೂ ಮಾತು ಹೋಗುತ್ತಿರಲಿಲ್ಲ.

ಸರಿಪಡಿಸಿದ ಪಟ್ಟಿಯನ್ನು ಚಿಕ್ಕಪ್ಪ ಪುಸ್ತಕದೊಂದಿಗೆ ತಾಳೆ ನೋಡಿ ಒಪ್ಪಿಕೊಂಡರು. ಆಮೇಲೆ, "ಬ್ಯಾಕಿಂಗ್ ಮಳೆದೂ ಹಿಂಗೇ ತೆಕ್ಕೊಡು, ಅದಕ್ಕೆ ಅರ್ಧ ಇಂಚು ಸಾಕು" ಎಂದರು. ಹೂ ಅರಳಿದ ಮೇಲೆ ಕಾಯಿ ಕಚ್ಚಲು ಬೇಕಾಗುವ ಮಳೆ ಅದು. ಎಣಿಕೆಗಾರನನ್ನು ಮಾಡುವ ಫಂಕ್ಷನ್ನಿಗೆ 12.7 ಕೊಟ್ಟು ಒಂದೇ ಸಾಲಿನಲ್ಲಿ ಮುಗಿಸಿ, ಇನ್ನೇನು ಎಂದು ತಲೆಯೆತ್ತುವಷ್ಟರಲ್ಲಿ ಅವರು ಸೇರಿಸಿದರು: "ಯಾವತ್ತೋ ಬಿದ್ದಿದ್ದಲ್ಲ, ಹೂಮಳೆ ಬಿದ್ದು ಇಪ್ಪತ್ತು ದಿನದೊಳಗೆ ಬಿದ್ದಿದ್ ಮಾತ್ರ." ಹಾಗಾದರೆ ಈ ಎಣಿಕೆಗಾರನಿಗೆ ಮಿತಿಯ ಜೊತೆಗೆ ಆ ವರ್ಷದ ಹೂಮಳೆಯ ತಾರೀಕೂ ನೆನಪಿರಬೇಕು, ಆ ತಾರೀಕನ್ನು ಅವನು ಇನ್ನೊಬ್ಬ ಎಣಿಕೆಗಾರನಿಂದ ಪಡೆಯಬೇಕು. ಅದನ್ನು ಇನ್ನೂ ಬರೆದಿಲ್ಲ.